ಸ್ಕ್ಯಾನ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ

ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾಕ್ಕೆ ಚಿಕಿತ್ಸೆ ಮುಗಿದು ವರ್ಷ ಕಳೆದಿದೆ. ರೋಗಿಗೆ ಯಾವ ತೊಂದರೆಯೂ ಇಲ್ಲ. ಆದರೂ 'ಒಮ್ಮೆ ನೋಡಿಬಿಡೋಣ' ಎಂದು ಮಾಡಿಸಿದ ಪೆಟ್-ಸಿಟಿ ಸ್ಕ್ಯಾನ್‌ನಲ್ಲಿ ಎದೆಯ ನಡುವೆ ಚುಕ್ಕೆಯೊಂದು ಹೊಳೆಯುತ್ತದೆ. 'ರೋಗ ಮರುಕಳಿಸಿರುವ ಸಾಧ್ಯತೆ' ಎನ್ನುತ್ತದೆ ವರದಿ. ಅಂದಿನಿಂದ ಮನೆಮಂದಿಗೆಲ್ಲ ನಿದ್ದೆಯಿಲ್ಲ.

ಆ ಚುಕ್ಕೆ ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಈ ಪರೀಕ್ಷೆಯಲ್ಲಿ ವಿಕಿರಣಶೀಲ ಫ್ಲೋರಿನ್-18 ಸೇರಿಸಿದ, ಗ್ಲೂಕೋಸನ್ನು ಹೋಲುವ ಎಫ್‌ಡಿಜಿ ಎಂಬ ವಸ್ತುವನ್ನು ರಕ್ತಕ್ಕೆ ಚುಚ್ಚಲಾಗುತ್ತದೆ. ಸುಮಾರು ಒಂದು ಗಂಟೆಯ ನಂತರ ಅದು ಎಲ್ಲಿ ಶೇಖರವಾಗಿದೆಯೆಂದು ಯಂತ್ರ ಗುರುತಿಸುತ್ತದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಹೀರುತ್ತವೆ ನಿಜ. ಸೋಂಕಿನ ವಿರುದ್ಧ ಸೆಣಸುವ ಬಿಳಿ ರಕ್ತಕಣಗಳೂ ಹಾಗೆಯೇ ಹೀರುತ್ತವೆ. ಯಂತ್ರಕ್ಕೆ ಎರಡೂ ಒಂದೇ.

ನಮ್ಮ ದೇಶದಲ್ಲಿ ಈ ಗೊಂದಲಕ್ಕೆ ಮುಖ್ಯ ಕಾರಣಗಳಲ್ಲೊಂದು ಕ್ಷಯ. ಕ್ಷಯ ತಗುಲಿದ ದುಗ್ಧಗ್ರಂಥಿ ಲಿಂಫೋಮಾದ ಗಂಟಿನಷ್ಟೇ ಪ್ರಖರವಾಗಿ ಹೊಳೆಯಬಲ್ಲದು. ಜ್ವರ, ರಾತ್ರಿ ಬೆವರುವಿಕೆ, ತೂಕ ಇಳಿಕೆ ಎಂಬ ಲಕ್ಷಣಗಳೂ ಎರಡಕ್ಕೂ ಸಮಾನ! ಎಳೆಯ ವಯಸ್ಸಿನವರಲ್ಲಿ ಕೀಮೋಥೆರಪಿಯ ಬಳಿಕ ಎದೆಯೊಳಗಿನ ಥೈಮಸ್ ಗ್ರಂಥಿ ಮತ್ತೆ ಬೆಳೆದು ಹೊಳೆಯುವುದುಂಟು. ವಿಕಿರಣ ಚಿಕಿತ್ಸೆಯಿಂದಾದ ಶ್ವಾಸಕೋಶದ ಉರಿಯೂತ, ಚಳಿಯಲ್ಲಿ ಕುಳಿತವರ ಕತ್ತಿನ ಕಂದು ಕೊಬ್ಬು ಕೂಡ ದಾರಿ ತಪ್ಪಿಸಬಲ್ಲವು. 2021ರಲ್ಲಿ ಕೋವಿಡ್ ಲಸಿಕೆ ಪಡೆದ ಹಲವರ ಕಂಕುಳ ಗ್ರಂಥಿಗಳೂ ಹೀಗೆಯೇ ಹೊಳೆದಿದ್ದವು.

ಸ್ವಿಟ್ಜರ್ಲೆಂಡಿನ ಲುಗಾನೊ ಸಮಾವೇಶಗಳ ಚರ್ಚೆಯಿಂದ ಮೂಡಿ 2014ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಶಿಫಾರಸುಗಳು, ರೋಗ ಶಮನವಾದವರಲ್ಲಿ ವಾಡಿಕೆಯ ಸ್ಕ್ಯಾನ್‌ಗಳನ್ನು ಪ್ರೋತ್ಸಾಹಿಸಲಿಲ್ಲ. ಇಂಥ ಪೆಟ್ ಸ್ಕ್ಯಾನ್‌ಗಳಲ್ಲಿ ಹುಸಿ ಪಾಸಿಟಿವ್ ಪ್ರಮಾಣ ಶೇ. 20ಕ್ಕೂ ಹೆಚ್ಚು ಎಂಬುದು ಅವು ಕೊಟ್ಟ ಕಾರಣ. ಇದರ ಅರ್ಥವೇನು? ಉದಾಹರಣೆಗೆ, ಆರೋಗ್ಯವಾಗಿ ಕಾಣುವ 100 ಮಂದಿಯಲ್ಲಿ 5 ಜನರಿಗೆ ಮಾತ್ರ ರೋಗ ಮರಳಿದೆ ಎಂದುಕೊಳ್ಳೋಣ. ಉಳಿದ 95ರಲ್ಲಿ ಶೇ. 20ರಂತೆ 19 ಮಂದಿಗೆ ಹುಸಿ ಚುಕ್ಕೆ. ಅಂದರೆ ಸ್ಕ್ಯಾನ್ ಬೊಟ್ಟುಮಾಡುವ 24 ಜನರಲ್ಲಿ ನಿಜವಾದ ರೋಗಿಗಳು ಐವರೇ.

ಹೊಳಪನ್ನು ಅಳೆಯಲು 1ರಿಂದ 5ರವರೆಗಿನ ಡೋವಿಲ್ ಅಂಕಗಳಿವೆ. ಯಕೃತ್ತಿಗಿಂತ ಹೆಚ್ಚು ಹೊಳೆದರೆ 4 ಅಥವಾ 5. ಅಂಕವು ಹೊಳಪನ್ನು ಹೇಳುತ್ತದೆಯೇ ಹೊರತು ಅದರ ಕಾರಣವನ್ನಲ್ಲ.

ಮರುಕಳಿಸಿದ ಲಿಂಫೋಮಾಕ್ಕೆ ಅನೇಕ ವೇಳೆ ಅಧಿಕ ಪ್ರಮಾಣದ ಕೀಮೋಥೆರಪಿ, ಕಾಂಡಕೋಶ ಕಸಿಯಂಥ ಕಠಿಣ ಚಿಕಿತ್ಸೆ ಬೇಕಾಗುತ್ತದೆ. ಚಿತ್ರವೊಂದನ್ನೇ ನಂಬಿ ಅದಕ್ಕೆ ಇಳಿಯುವುದು ಸಲ್ಲದು. ಸಾಧ್ಯವಿದ್ದಲ್ಲೆಲ್ಲ ಮೊದಲು ಬಯಾಪ್ಸಿ ಆಗಬೇಕು. ಚುಕ್ಕೆ ಸೂಜಿಗೆ ಎಟುಕದಿದ್ದರೆ, ರೋಗಿ ಆರಾಮವಾಗಿದ್ದರೆ, ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದೂ ಒಂದು ಮಾರ್ಗ. ಹೊಸ ಗಂಟು ಅಥವಾ ಬಿಡದ ಜ್ವರ ಕಂಡವರು ಮಾತ್ರ ಕಾಯದೆ ವೈದ್ಯರನ್ನು ಕಾಣಬೇಕು.

ಬಯಾಪ್ಸಿಗೆ ಮುನ್ನ ಒಂದು ವಿಷಯವನ್ನು ಕೇಳಿಕೊಳ್ಳುವುದೊಳ್ಳೆಯದು: ತೆಗೆದ ತುಣುಕಿನ ಸ್ವಲ್ಪ ಭಾಗವನ್ನು ಕ್ಷಯ ಪರೀಕ್ಷೆಗೂ ಕಳುಹಿಸುವರೇ? ಇಡೀ ತುಣುಕನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿದ ಮೇಲೆ ಅದರಿಂದ ಕ್ಷಯದ ರೋಗಾಣುವನ್ನು ಬೆಳೆಸಿ ನೋಡಲಾಗದು.