ಮಾಮೂಲಿ ದಿನವೂ ಸುದ್ದಿಯೇ

ಸುದ್ದಿ ಫೋಟೊ ಅಂದ್ರೆ ಮಂತ್ರಿ, ಮೆರವಣಿಗೆ, ಅಪಘಾತ ಅಷ್ಟೇನಾ? ಅಲ್ಲವೇ ಅಲ್ಲ ಅಂತ ತೋರಿಸಿಕೊಟ್ಟವರು ಮೈಸೂರಿನ ಟಿ.ಎಸ್. ಸತ್ಯನ್.

1923ರಲ್ಲಿ ಹುಟ್ಟಿದ ಸತ್ಯನ್, ಬೆಂಗಳೂರಿನ ಡೆಕ್ಕನ್ ಹೆರಾಲ್ಡ್‌ನಲ್ಲಿ ಛಾಯಾಗ್ರಾಹಕರಾಗಿದ್ದರು. ಅವರ ಕ್ಯಾಮೆರಾ ಹುಡುಕಿಕೊಂಡು ಹೋಗಿದ್ದು ಆಡುವ ಮಕ್ಕಳನ್ನ, ದುಡಿಯುವ ಜನರನ್ನ. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ: ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಅಂಥ ಚಿತ್ರ ನಾವೂ ತೆಗೆಯಬಹುದು. ಈಗ ಬೆಂಗಳೂರಿನ ನಮ್ಮ ಶೇಷಾದ್ರಿಪುರಂಗೆ ಬನ್ನಿ. ಬೆಳಿಗ್ಗೆ ಹೂವಿನಮ್ಮ ಮಲ್ಲಿಗೆ ಕಟ್ಟುತ್ತಿರುತ್ತಾರೆ. ಬಾಳೆನಾರಿನ ಗಂಟು ಬಿಗಿಯುವ ಆ ಬೆರಳುಗಳನ್ನ ಹತ್ತಿರದಿಂದ ನೋಡಿ. ಮೊದಲು ಮಾತಾಡಿಸಿ, ಒಪ್ಪಿಗೆ ಕೇಳಿ, ಆಮೇಲೆ ಕ್ಲಿಕ್ ಮಾಡಿ. ಜಾಗ, ತಾರೀಖು ತಪ್ಪದೆ ಬರೆದಿಡಿ. ವಿವರ ಇಲ್ಲದ ಫೋಟೊ ಬೇಗ ಅನಾಥವಾಗುತ್ತೆ.

ನಮ್ಮ ಬೀದಿಯ ಚರಿತ್ರೆಯನ್ನ ನಾವೇ ಉಳಿಸಿಕೊಳ್ಳಬೇಕು. ಇವತ್ತೇ ಶುರು ಮಾಡಿ.