ಪರೀಕ್ಷಾ ಸರ್ವರ್‌ಗೂ ಕಾವಲು ಬೇಕೆ?

ಪರೀಕ್ಷೆಗೆಂದು ಇಟ್ಟ ಪುಟ್ಟ ಸರ್ವರ್‌ಗೆ ಆಂಟಿವೈರಸ್ ಏಕೆಂದು ನೀವು ಕೇಳಬಹುದು. ಅದರಲ್ಲಿ ಗ್ರಾಹಕರ ನಿಜವಾದ ಮಾಹಿತಿಯ ಪ್ರತಿ ಇದ್ದರೆ, ಕಚೇರಿಯ ಜಾಲಕ್ಕೂ ಅದು ಸೇರಿಕೊಂಡಿದ್ದರೆ, ಕಾವಲು ಬೇಕೇ ಬೇಕು. ಆದರೆ ಹಣ ತೆರುವ ಮೊದಲು ಯಂತ್ರದಲ್ಲಿ ಏನಿದೆಯೆಂದು ನೋಡಿ. ವಿಂಡೋಸ್ ಸರ್ವರ್ 2016 ಮತ್ತು ಅನಂತರದ ಆವೃತ್ತಿಗಳಲ್ಲಿ ಡಿಫೆಂಡರ್ ಆಂಟಿವೈರಸ್ ಜೊತೆಯಲ್ಲೇ ಬರುತ್ತದೆ, ಬೇರೆ ಬೆಲೆಯಿಲ್ಲ. ಲಿನಕ್ಸ್ ಆದರೆ ಕ್ಲ್ಯಾಮ್‌ಎವಿ ಉಚಿತ. ಆದರೆ ಅದನ್ನು ಅಳವಡಿಸಿದ ಮಾತ್ರಕ್ಕೆ ಪ್ರತಿ ಕಡತವನ್ನೂ ತೆರೆದಾಗಲೇ ಅದು ತಪಾಸಣೆ ಮಾಡದು. ಆ ಏರ್ಪಾಟು ನಿಮ್ಮದೇ.

ಕಾವಲುಗಾರ ಎಚ್ಚರವಾಗಿದ್ದಾನೆಯೇ? ಐಕಾರ್ ಎಂಬ 68 ಅಕ್ಷರಗಳ ಪರೀಕ್ಷಾ ಕಡತವನ್ನು ಹಾಕಿ ನೋಡಿ. ಅದರಿಂದ ಯಾವ ಅಪಾಯವೂ ಇಲ್ಲ, ಆದರೂ ಆಂಟಿವೈರಸ್ ಕೂಗಬೇಕು.

ಇನ್ನು ವಾನಾಕ್ರೈ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು! ಉಳಿದ ಹಣದಲ್ಲಿ ಹಾರ್ಡ್ ಡಿಸ್ಕೊಂದನ್ನು ಕೊಂಡು, ಮಾಹಿತಿಯ ಪ್ರತಿ ತೆಗೆದು, ಸರ್ವರ್‌ನಿಂದ ಬಿಚ್ಚಿಡಿ.