ಒಂದೇ ಚಾಪೆ, ಹಲವು ವಯಸ್ಸು

ನ್ಯೂಯಾರ್ಕಿನ ಎಂಟನೇ ಅವೆನ್ಯೂದ 939ನೇ ನಂಬರಿನ ಕಟ್ಟಡದಲ್ಲಿ ದಶಕಗಳ ಕಾಲ ಒಂದು ವ್ಯಾಯಾಮಶಾಲೆ ನಡೆಯುತ್ತಿತ್ತು. ಸ್ಪ್ರಿಂಗು ಕಟ್ಟಿದ ಮಂಚಗಳು, ಕುರ್ಚಿಗಳು, ನೆಲಕ್ಕೆ ಹಾಸಿದ ಚಾಪೆಗಳು ಅಲ್ಲಿನ ಮುಖ್ಯ ಸಾಮಾನು. ಜಾರ್ಜ್ ಬ್ಯಾಲಂಚೀನ್, ಮಾರ್ತಾ ಗ್ರಹಾಂ ಅವರ ಬಳಗದ ನರ್ತಕರು ಉಳುಕಿದ ಕಾಲು, ಹಿಡಿದುಕೊಂಡ ಸೊಂಟ ಹೊತ್ತು ಅಲ್ಲಿಗೆ ಬರುತ್ತಿದ್ದರು. ವೇದಿಕೆಯನ್ನೇ ಹತ್ತದ ಸಾಮಾನ್ಯರೂ ಬರುತ್ತಿದ್ದರು. ಶಾಲೆಯನ್ನು ನಡೆಸುತ್ತಿದ್ದವರು ಜೋಸೆಫ್ ಪಿಲಾಟಿಸ್ ಮತ್ತು ಅವರ ಬಾಳಸಂಗಾತಿ ಕ್ಲಾರಾ.

ಇವತ್ತು ಪಿಲಾಟಿಸ್ ಎಂದರೆ ಸಿನಿಮಾ ನಟಿಯರ ಇನ್‌ಸ್ಟಾಗ್ರಾಂ ವಿಡಿಯೋ ನೆನಪಾಗುತ್ತದೆ. ತೆಳ್ಳಗಿರುವವರು ಇನ್ನಷ್ಟು ತೆಳ್ಳಗಾಗಲು ಮಾಡುವ ದುಬಾರಿ ಕಸರತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಇದನ್ನು ಕಟ್ಟಿದ ಮನುಷ್ಯ ರೋಗಿಷ್ಠ ಹುಡುಗನಾಗಿ ಬೆಳೆದವರು. 1883ರಲ್ಲಿ ಜರ್ಮನಿಯ ಮ್ಯೋನ್ಶೆನ್‌ಗ್ಲಾಡ್‌ಬಾಖ್‌ನಲ್ಲಿ ಹುಟ್ಟಿದ ಜೋಸೆಫ್‌ಗೆ ಎಳವೆಯಲ್ಲಿ ಆಸ್ತಮಾ, ಮೂಳೆ ಮೆತ್ತಗಾಗುವ ರಿಕೆಟ್ಸ್, ಸಾಲದ್ದಕ್ಕೆ ಸಂಧಿವಾತದ ಜ್ವರ. ಆ ಮೈಯನ್ನು ಅವರು ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್‌ಗಳಿಂದ ತಿದ್ದಿಕೊಂಡರು. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ ಅವರನ್ನು ಶತ್ರುದೇಶದವನೆಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇಟ್ಟರು. ಅಲ್ಲಿ ಜೊತೆಯ ಬಂದಿಗಳಿಗೆ ವ್ಯಾಯಾಮ ಕಲಿಸಿದರು. ಹಾಸಿಗೆ ಹಿಡಿದವರ ಮಂಚಕ್ಕೇ ಸ್ಪ್ರಿಂಗು ಕಟ್ಟಿ ಕೈಕಾಲು ಆಡಿಸಲು ಅನುವು ಮಾಡಿದರು ಎಂಬ ಕಥೆಯನ್ನು ಪಿಲಾಟಿಸ್ ಕಲಿಸುವವರು ಈಗಲೂ ಹೇಳುತ್ತಾರೆ. 1926ರಲ್ಲಿ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಅವರಿಗೆ ಕ್ಲಾರಾ ಸಿಕ್ಕರು. ತಮ್ಮ ಪದ್ಧತಿಗೆ ಜೋಸೆಫ್ ಇಟ್ಟ ಹೆಸರು ‘ಕಂಟ್ರಾಲಜಿ’. 1945ರಲ್ಲಿ ಬಂದ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳನ್ನು ಕ್ರಮವಾಗಿ ವಿವರಿಸಿದರು. 1967ರಲ್ಲಿ ತೀರಿಕೊಂಡ ಮೇಲೆ ಶಿಷ್ಯರ ಮೂಲಕ ಅವರ ಹೆಸರೇ ಪದ್ಧತಿಯ ಹೆಸರಾಗಿ ಉಳಿಯಿತು.

ಜೋಸೆಫ್ ಶಿಸ್ತಿನ ಮನುಷ್ಯ, ಮಾತು ಒರಟು. ಕ್ಲಾರಾ ಹಾಗಲ್ಲ. ನೋವಿನವರು, ನಿತ್ರಾಣದವರು ಬಂದರೆ ಅವರ ಮೈಗೆ ತಕ್ಕಂತೆ ವ್ಯಾಯಾಮವನ್ನು ಸಣ್ಣದು ಮಾಡಿ, ನಿಧಾನ ಮಾಡಿ ಕಲಿಸುತ್ತಿದ್ದರು. ಇಂದು ಫಿಸಿಯೋಥೆರಪಿ ಕೇಂದ್ರಗಳಲ್ಲಿ ಕಾಣುವ ಪಿಲಾಟಿಸ್ ಕ್ಲಾರಾ ಹಾಕಿದ ದಾರಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ. ಈವ್ ಜೆಂಟ್ರಿ ಎಂಬ ನರ್ತಕಿಗೆ ಕ್ಯಾನ್ಸರ್‌ನಿಂದಾಗಿ ಸ್ತನವನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ತೋಳು ಎತ್ತುವುದೇ ಕಷ್ಟವಾಗಿದ್ದ ಆಕೆ ಈ ಶಾಲೆಯಲ್ಲಿ ಅಭ್ಯಾಸ ಮಾಡಿ ಮತ್ತೆ ಮೊದಲಿನಂತೆ ತೋಳು, ಮುಂಡ ಆಡಿಸುವಂತಾದರು. ಮುಂದೆ ತಾವೇ ಹೆಸರಾಂತ ಶಿಕ್ಷಕಿಯಾದರು.

ಒಂದೇ ವ್ಯಾಯಾಮ ಬೇರೆ ಬೇರೆ ಮೈಗಳಿಗೆ ಹೇಗೆ ಒಗ್ಗುತ್ತದೆ ಎಂಬುದಕ್ಕೆ ಆ 34ರಲ್ಲಿ ಮೊದಲನೆಯದನ್ನೇ ನೋಡಬಹುದು. ಅದರ ಹೆಸರು ‘ಹಂಡ್ರೆಡ್’. ಅಂಗಾತ ಮಲಗಿ, ತಲೆ ಮತ್ತು ಭುಜ ಎತ್ತಿ, ನೀಳವಾಗಿ ಚಾಚಿದ ಕಾಲುಗಳನ್ನು ನೆಲದಿಂದ ಮೇಲೆ ಹಿಡಿಯಬೇಕು. ಪಕ್ಕದಲ್ಲಿ ನೇರವಾಗಿ ಇಟ್ಟ ಕೈಗಳನ್ನು ಚಿಕ್ಕದಾಗಿ ಮೇಲೆ ಕೆಳಗೆ ಆಡಿಸುತ್ತ ಐದು ಎಣಿಕೆಗೆ ಉಸಿರು ಒಳಗೆ, ಐದು ಎಣಿಕೆಗೆ ಹೊರಗೆ. ಹೀಗೆ ಹತ್ತು ಸುತ್ತು, ಒಟ್ಟು ನೂರು ಎಣಿಕೆ. ಅಷ್ಟು ಹೊತ್ತೂ ಹೊಟ್ಟೆ ಉಬ್ಬಬಾರದು, ಸೊಂಟ ನೆಲ ಬಿಟ್ಟು ಕಮಾನಾಗಬಾರದು. ಉಸಿರು ಪಕ್ಕೆಲುಬುಗಳನ್ನು ಅಗಲಿಸುತ್ತ ಹೋಗಿ ಬರಬೇಕು.

ಪಳಗಿದ ನರ್ತಕಿಗೆ ಇದು ಬರಿಯ ಮೈ ಬಿಸಿಮಾಡುವ ಆರಂಭ. ಹದಿನೈದು ವರ್ಷದ ಹುಡುಗನಿಗೆ ಕಾಲು ಚಾಚಲು ಬಲವಿದ್ದರೂ ಸೊಂಟವನ್ನು ಅಲುಗದಂತೆ ಹಿಡಿಯುವ ಕಸುವು ಬಂದಿರುವುದಿಲ್ಲ. ಅವನು ಮಂಡಿ ಮಡಚಿ ಮೊಣಕಾಲನ್ನು ಸೊಂಟದ ನೇರಕ್ಕೆ ತಂದುಕೊಳ್ಳಬೇಕು. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಕುತ್ತಿಗೆ ಬಿಗಿದುಕೊಂಡ ನಲವತ್ತರ ಉದ್ಯೋಗಿ ತಲೆಯನ್ನು ನೆಲದಲ್ಲೇ ಬಿಟ್ಟು, ಪಾದವನ್ನೂ ನೆಲಕ್ಕೂರಿ ಕೈ ಮತ್ತು ಉಸಿರನ್ನಷ್ಟೇ ಕೂಡಿಸಿದರೆ ಸಾಕು. ಎಪ್ಪತ್ತರ ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತೇ ಮಾಡಬಹುದು. ಕೊನೆಯದನ್ನು ಕಡಿಮೆ ದರ್ಜೆಯದೆಂದು ಯಾರೂ ಭಾವಿಸಬಾರದು. ಹೊಟ್ಟೆಯ ಒಳಪದರದ ಸ್ನಾಯು ಮತ್ತು ಉಸಿರು ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಯುವುದೇ ಇಲ್ಲಿನ ಗುರಿ. ಅದು ನಾಲ್ವರಿಗೂ ಒಂದೇ.

ವಯಸ್ಸಾದವರ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬಿಡಿಸಿ ಹೇಳಲೇಬೇಕು. 34 ವ್ಯಾಯಾಮಗಳಲ್ಲಿ ಬಹಳಷ್ಟು ಬೆನ್ನನ್ನು ಮುಂದಕ್ಕೆ ಸುರುಳಿಸುವಂಥವು. ಮೂಳೆ ಸವೆತ ಇರುವವರಿಗೆ ಇವು ಅಪಾಯ. ಮುಟ್ಟು ನಿಂತ, ಬೆನ್ನೆಲುಬು ಟೊಳ್ಳಾಗಿದ್ದ 59 ಮಹಿಳೆಯರ ಮೇಲೆ ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು ನಡೆಸಿದ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಮಂದಿಯ ಬೆನ್ನೆಲುಬಿನಲ್ಲಿ ಹೊಸ ಕುಸಿತ ಕಂಡಿತು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ 16. ಅಧ್ಯಯನ ಚಿಕ್ಕದು, ಆದರೆ ಅಂತರ ಕಣ್ಣಿಗೆ ಹೊಡೆಯುವಷ್ಟಿದೆ. ಹಾಗಾಗಿ ಮೂಳೆ ಸವೆದವರು ಮಲಗಿ ಎದ್ದು ಪಾದ ಮುಟ್ಟುವುದನ್ನೂ, ಚೆಂಡಿನಂತೆ ಬೆನ್ನ ಮೇಲೆ ಉರುಳುವುದನ್ನೂ ಕೈಬಿಡಬೇಕು. ಬೋರಲು ಮಲಗಿ ಎದೆಯನ್ನು ತುಸುವೇ ಎತ್ತುವುದು, ಒಂದು ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಅವರಿಗೆ ಹೊಂದುತ್ತವೆ. ಬೀಳದಂತೆ ಸಮತೋಲ ಕಾಯ್ದುಕೊಳ್ಳುವುದು ಆ ವಯಸ್ಸಿನ ಮೊದಲ ಅಗತ್ಯ.

ಇನ್ನು ರಿಫಾರ್ಮರ್. ಜಾರುವ ಹಲಗೆ, ಅದಕ್ಕೆ ಕಟ್ಟಿದ ಸ್ಪ್ರಿಂಗುಗಳು, ಪಾದ ಒತ್ತಲು ಅಡ್ಡಕಂಬಿ, ಎಳೆಯಲು ಪಟ್ಟಿ ಇರುವ ಮಂಚ ಇದು. ಜೋಸೆಫ್ ಅವರ ಜಾಣ್ಮೆ ಇಲ್ಲಿ ಎದ್ದು ಕಾಣುತ್ತದೆ. ಮಲಗಿಕೊಂಡು ಕಂಬಿಯನ್ನು ಪಾದದಿಂದ ತಳ್ಳಿದರೆ ಹಲಗೆ ಹಿಂದಕ್ಕೆ ಜಾರುತ್ತದೆ. ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ. ಆದ್ದರಿಂದ ನಿಂತು ಬಸ್ಕಿ ಹೊಡೆಯಲಾಗದ, ಕೀಲು ಸವೆದ ಹಿರಿಯರೂ ತೊಡೆಗೆ ಕೆಲಸ ಕೊಡಬಹುದು. ಓಟಗಾರ ಸ್ಪ್ರಿಂಗು ಹೆಚ್ಚಿಸಿ ಒಂದೇ ಕಾಲಲ್ಲಿ ತಳ್ಳುತ್ತಾನೆ. ಸ್ಪ್ರಿಂಗು ಹೆಚ್ಚಾದಷ್ಟೂ ಕಷ್ಟ ಎಂದುಕೊಳ್ಳುವಂತೆಯೂ ಇಲ್ಲ. ಹಲಗೆಯ ಮೇಲೆ ಕಾಲಿಟ್ಟು, ಕಂಬಿಯನ್ನು ಕೈಯಲ್ಲಿ ಹಿಡಿದು ಮೈಯನ್ನು ಹಲಗೆಯಂತೆ ನೀಡಿದಾಗ ಸ್ಪ್ರಿಂಗು ಕಡಿಮೆಯಾದರೇ ಹೆಚ್ಚು ಕಷ್ಟ, ಏಕೆಂದರೆ ಜಾರುವ ಹಲಗೆಯನ್ನು ವಾಪಸು ಎಳೆಯುವ ಹೊಣೆ ಆಗ ಹೊಟ್ಟೆಯದಾಗುತ್ತದೆ. ಅದೇ ಸ್ಪ್ರಿಂಗು ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಎದುರಾಳಿ.

ಸೊಂಟನೋವಿಗೆ ಪಿಲಾಟಿಸ್ ಮದ್ದೇ ಎಂದು ಕೇಳುವವರು ಬಹಳ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2015ರಲ್ಲಿ 10 ಪ್ರಯೋಗಗಳನ್ನು, ಒಟ್ಟು 510 ಮಂದಿಯ ಅನುಭವವನ್ನು ಒಟ್ಟುಗೂಡಿಸಿ ನೋಡಿತು. ಸುಮ್ಮನಿರುವುದಕ್ಕಿಂತ, ಬರೀ ಸಲಹೆ ಕೇಳಿ ಮನೆಗೆ ಹೋಗುವುದಕ್ಕಿಂತ ಇದರಿಂದ ನೋವು ತಗ್ಗುವ ಸಾಧ್ಯತೆ ಹೆಚ್ಚು. ಆದರೆ ಬೇರೆ ವ್ಯಾಯಾಮಗಳಿಗಿಂತ ಇದೇ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ನನ್ನ ಮಟ್ಟಿಗೆ ಇದು ಸಂತೋಷದ ಸುದ್ದಿಯೇ. ಆಸನಗಳು ಮೈಗೆ ಹಿಡಿಸಿದವರು ಅದನ್ನು ಬಿಟ್ಟು ಇತ್ತ ಓಡಿಬರಬೇಕಾಗಿಲ್ಲ. ಯಾವ ವ್ಯಾಯಾಮವೂ ಹಿಡಿಸದೆ ಬಿಟ್ಟವರಿಗೆ ಇನ್ನೊಂದು ಬಾಗಿಲಿದೆ.

ಬಸುರಿಯರು ಮೊದಲ ಮೂರು ತಿಂಗಳು ಕಳೆದ ಮೇಲೆ ಹೆಚ್ಚು ಹೊತ್ತು ಅಂಗಾತ ಮಲಗಿ ಮಾಡುವ ವ್ಯಾಯಾಮ ತಪ್ಪಿಸಬೇಕು. ಬೆಳೆದ ಗರ್ಭ ದೊಡ್ಡ ರಕ್ತನಾಳದ ಮೇಲೆ ಒತ್ತುತ್ತದೆ. ಪಕ್ಕಕ್ಕೆ ಮಲಗಿ, ಕುಳಿತು, ಮಂಡಿಯೂರಿ ಮಾಡುವಂಥವು ಬೇಕಾದಷ್ಟಿವೆ. ಬಾಣಂತನ ಮುಗಿದ ಮೇಲೆ ಹೊಟ್ಟೆಯ ನಡುವೆ ಸ್ನಾಯು ಬೇರ್ಪಟ್ಟಿದೆಯೇ ಎಂದು ನೋಡಿಸಿಕೊಳ್ಳದೆ ‘ಹಂಡ್ರೆಡ್’ಗೆ ಕೈ ಹಾಕಬಾರದು. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವ ತೊಂದರೆಯನ್ನು ನಮ್ಮ ಹೆಂಗಸರು ವರ್ಷಗಟ್ಟಲೆ ಬಾಯಿಬಿಡದೆ ಸಹಿಸುತ್ತಾರೆ. ಅದಕ್ಕೆ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆಂದೇ ಇರುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಮೊದಲು ಕಲಿಯಬೇಕು. ಪಿಲಾಟಿಸ್ ಅದರ ಜೊತೆಗೆ ಚೆನ್ನಾಗಿ ಹೊಂದುತ್ತದೆ.

ಇದೊಂದೇ ಸಾಕೇ? ಸಾಲದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಉಸಿರಿನ ವೇಗ ಏರುವಂತೆ ನಡೆಯಬೇಕು, ಈಜಬೇಕು ಇಲ್ಲವೇ ಸೈಕಲ್ ತುಳಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಾಪೆಯ ಮೇಲಿನ ನಿಧಾನದ ಅಭ್ಯಾಸ ಹೃದಯಕ್ಕೆ ಅಷ್ಟು ಕೆಲಸ ಕೊಡುವುದಿಲ್ಲ. ತೂಕ ಇಳಿಸುವ ಭರವಸೆಯ ಜಾಹೀರಾತುಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ. ತಾನು ನಿಜವಾಗಿ ಕೊಡಬಲ್ಲದ್ದನ್ನು ಬಿಟ್ಟು ಕೊಡಲಾಗದ್ದರ ಹೆಸರಿನಲ್ಲಿ ಒಳ್ಳೆಯ ವಿದ್ಯೆಯೊಂದನ್ನು ಮಾರಲಾಗುತ್ತಿದೆ.

ಬೆಂಗಳೂರಿನ ಇಂದಿರಾನಗರ, ಕೋರಮಂಗಲದಂಥ ಬಡಾವಣೆಗಳಲ್ಲಿ ಈಗ ರಿಫಾರ್ಮರ್ ಸ್ಟುಡಿಯೋಗಳಿವೆ. ಶುಲ್ಕ ಎಲ್ಲರ ಕೈಗೆಟುಕುವಂತಿಲ್ಲ. ಆದರೆ 34 ವ್ಯಾಯಾಮಗಳಿಗೂ ಬೇಕಾಗಿರುವುದು ದಪ್ಪನೆಯ ಚಾಪೆಯೊಂದೇ. ಶಿಕ್ಷಕರನ್ನು ಆರಿಸುವಾಗ ಮಾತ್ರ ಜಾಗ್ರತೆ ಬೇಕು. ಪಿಲಾಟಿಸ್ ಎಂಬುದು ಯಾರೊಬ್ಬರ ಟ್ರೇಡ್‌ಮಾರ್ಕ್ ಆಗಲಾರದು, ಅದು ವ್ಯಾಯಾಮ ಪದ್ಧತಿಯೊಂದರ ಸಾಮಾನ್ಯ ಹೆಸರು ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿತು. ಅದರಿಂದ ವಿದ್ಯೆ ಹಬ್ಬಿತು, ಬೋರ್ಡು ಹಾಕಿಕೊಳ್ಳುವುದೂ ಸಲೀಸಾಯಿತು. ಮೊದಲ ದಿನವೇ ನಿಮ್ಮ ಹಳೆಯ ಶಸ್ತ್ರಚಿಕಿತ್ಸೆ, ರಕ್ತದೊತ್ತಡ, ಮೂಳೆ, ಹೆರಿಗೆಗಳ ಬಗ್ಗೆ ವಿಚಾರಿಸದೆ ನೇರ ಚಾಪೆಗೆ ಕರೆದರೆ ಬೇರೆ ಕಡೆ ನೋಡಿ. ಬ್ಯಾಚಿನಲ್ಲಿ ಎಷ್ಟು ಜನ ಎಂದು ಕೇಳಿ. ಒಂದು ತರಗತಿ ಕುಳಿತು ನೋಡಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಬಿಟ್ಟರೆ, ಮುಂದಿನ ಸಾಲಿನ ಚುರುಕಿನವರನ್ನು ನೋಡುತ್ತ ಕೂರಬೇಡಿ. ಹಿಂದೆ ಮೂಲೆಯಲ್ಲಿ ಕಷ್ಟಪಡುತ್ತಿರುವವರ ಬಳಿಗೆ ಶಿಕ್ಷಕರು ಎಷ್ಟು ಸಲ ಹೋದರು, ಅವರಿಗೆಂದು ಏನನ್ನು ಬದಲಿಸಿಕೊಟ್ಟರು ಎಂಬುದನ್ನು ಗಮನಿಸಿ.